ಬಾಯಿಯೊಳಗಿನ ಎರಡು ಪಾಲು

ಫೆಬ್ರವರಿ ೩, ಸೋಮವಾರ

ಈ ಪುಸ್ತಕ ತೆರೆದವರು ಯಾರೇ ಆಗಲಿ, ತೆಗೆದ ಜಾಗದಲ್ಲೇ ಮುಚ್ಚಿಟ್ಟು ನಡೆಯಿರಿ. ಇನ್ನೊಬ್ಬರು ಬರೆದದ್ದನ್ನು ಕದ್ದು ಓದುವವರಿಗೆ ಏನು ಹೇಳಬೇಕೋ ಅದನ್ನು ಹೇಳಲು ನನ್ನ ನಾಲ್ಕನೇ ಕ್ಲಾಸು ಧಾರಾಳ ಸಾಕು. ಸೊಸೆಯಾದರೆ, ಅಂಗಡಿಗೆ ಹೊತ್ತಾಯಿತು, ಹೋಗು ತಾಯಿ. ಮಗನಾದರೆ, ಯಾವುದೋ ಕಟ್ಟಡದಲ್ಲಿ ಲಿಫ್ಟು ಕೆಟ್ಟು ಜನ ಮಧ್ಯದಲ್ಲಿ ನೇತಾಡುತ್ತಿದ್ದಾರೆ, ರಿಪೇರಿಗೆ ನೀನೂ ಹೊರಡು. ಇದು ನನಗಾಗಿ ನಾನು ಬರೆದುಕೊಳ್ಳುವುದು. ಆಸ್ಪತ್ರೆಯವರು ಕೊಟ್ಟ ಕಾರ್ಡಿನಲ್ಲಿ ದಿನಕ್ಕೆ ಎರಡೇ ಚೌಕ, ಹೌದು ಮತ್ತು ಇಲ್ಲ. ನನ್ನ ಬಾಯಿ ಎರಡು ಚೌಕದಲ್ಲಿ ಹಿಡಿಯುವ ಬಾಯಲ್ಲ, ಅದಕ್ಕೆ ಈ ಪುಸ್ತಕ.

ಎಪ್ಪತ್ತಮೂರು ವರ್ಷಕ್ಕೆ ನನಗೆ ಇಪ್ಪತ್ತೊಂದು ಹಲ್ಲು ಉಳಿದಿವೆ. ವಸಡು ಜಾರಿ ಬೇರು ಹೊರಗೆ ಬಿದ್ದಿದೆ. ತಣ್ಣೀರು ಒಂದು ಗುಟುಕು ತಾಗಿದರೆ ಹಲ್ಲಿನಲ್ಲಿ ಹೊರಟ ಚಳುಕು ಕಿವಿಯ ಹಿಂದೆ ಹೋಗಿ ನಿಲ್ಲುತ್ತದೆ. ಮಾತಾಡಲು ಬಾಯಿ ತೆರೆದರೆ ಗಾಳಿಗೂ ಜುಮ್ ಎನ್ನುತ್ತದೆ. ಮೂರು ದಿನ ನಾನು ಯಾರನ್ನೂ ಬೈಯದೆ ಕೂತದ್ದನ್ನು ನೋಡಿ ಸೊಸೆ ಗಾಬರಿಯಾಗಿ ಹಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಅಲ್ಲಿ ಓದು ಇನ್ನೂ ಮುಗಿಯದ ಒಬ್ಬಳು ಹುಡುಗಿ ಡಾಕ್ಟರ್. ಒಂದೊಂದೇ ಹಲ್ಲಿಗೆ ಸೂಜಿಮೂತಿಯ ಕೊಳವೆಯಿಂದ ಫುಸ್ ಎಂದು ಗಾಳಿ ಬಿಟ್ಟಳು. ನಾನು ಅವಳಿಗೆ ಗಾಳಿ ಡಾಕ್ಟರ್ ಎಂದು ಹೆಸರಿಟ್ಟೆ. ಆಮೇಲೆ ಕಾಗದದ ಮೇಲೆ ಗೇಣಿಗಿಂತ ಗಿಡ್ಡದೊಂದು ಗೆರೆ ತೋರಿಸಿದಳು. ಈ ತುದಿ ಎಂದರೆ ನೋವೇ ಇಲ್ಲ, ಆ ತುದಿ ಎಂದರೆ ತಡೆಯಲಾರದ ನೋವು, ನಿಮ್ಮದು ಎಲ್ಲಿದೆಯೋ ಅಲ್ಲಿ ಗೀಟು ಹಾಕಿ ಎಂದಳು. ನಾನು ಗೆರೆ ಮುಗಿದ ಮೇಲೂ ಒಂದು ಬೆರಳು ಆಚೆ ಹಾಕಿದೆ.

"ಅಜ್ಜಿ, ಗೀಟು ಗೆರೆ ಮೇಲೆ ಬರ್ಬೇಕು."

"ನೋವು ಗೆರೆ ಮೇಲೆ ಇಲ್ವಲ್ಲಮ್ಮ."

ಅವಳು ನಕ್ಕಳು. ನಕ್ಕು ಇನ್ನೊಂದು ಕಾಗದ ಕೊಟ್ಟಳು. ಮೊಂಡಿ.

ಹೊಸ ಔಷಧಿಯೊಂದರ ಮೇಲೆ ಅವಳದೊಂದು ಪರೀಕ್ಷೆ ನಡೆಯುತ್ತಿದೆ. ನಲವತ್ತು ಬಾಯಿ ಬೇಕು, ಮೂವತ್ತೊಂಬತ್ತು ಸಿಕ್ಕಿವೆ, ಕೊನೆಯದಕ್ಕೆ ಮೂರು ವಾರದಿಂದ ಹುಡುಕುತ್ತಿದ್ದಾಳೆ. ಎಂಟು ವಾರ ದಿನಾ ಬೆಳಿಗ್ಗೆ ಹಲ್ಲಿನ ಬೇರಿಗೆ ಲೇಪ ಹಚ್ಚಬೇಕು. ಕೆಂಪು ಮುಚ್ಚಳದ ಟ್ಯೂಬು ಎಡಗಡೆಗೆ, ಹಸಿರು ಮುಚ್ಚಳದ್ದು ಬಲಗಡೆಗೆ. ಒಂದರಲ್ಲಿ ಹೊಸ ಔಷಧಿ ಇದೆ, ಇನ್ನೊಂದು ಬರೀ ಲೇಪ. ಯಾವುದು ಯಾವುದೆಂದು ನನಗೂ ಹೇಳುವುದಿಲ್ಲ, ಅವಳಿಗೂ ಗೊತ್ತಿಲ್ಲವಂತೆ, ಅವಳ ಮೇಲಿನ ದೊಡ್ಡ ಡಾಕ್ಟರಿಗೂ ಗೊತ್ತಿಲ್ಲವಂತೆ. ಇನ್ನೊಂದು ಕಟ್ಟಡದಲ್ಲಿ ಒಬ್ಬರು ಪಟ್ಟಿಯನ್ನು ಲಕೋಟೆಯಲ್ಲಿಟ್ಟು ಅಂಟಿಸಿಕೊಂಡು ಕೂತಿದ್ದಾರಂತೆ. ತಾನು ಕೊಡುವ ಔಷಧಿ ಯಾವುದೆಂದು ತಿಳಿಯದ ಡಾಕ್ಟರನ್ನು ನಾನು ಇದೇ ಮೊದಲು ಕಂಡದ್ದು.

ನಾಲ್ಕು ಪುಟ ಓದಿ ಹೇಳಲು ಕೂತಳು. ಗೊತ್ತು, ಗೊತ್ತು, ಸಹಿ ಎಲ್ಲಿ ಎಂದೆ. ನಲವತ್ತನೇ ಬಾಯಿ ನನ್ನದಾಯಿತು. ಮನೆ ಪಾಲಾಗುವುದನ್ನು ನೋಡಿದ್ದೇನೆ, ಗದ್ದೆ ಪಾಲಾಗುವುದನ್ನು ನೋಡಿದ್ದೇನೆ. ಈಗ ಬಾಯಿಯೂ ಪಾಲಾಯಿತು.

ಫೆಬ್ರವರಿ ೫, ಬುಧವಾರ

ಹಚ್ಚಿದ ಮೇಲೆ ಅರ್ಧ ಗಂಟೆ ಏನನ್ನೂ ಬಾಯಿಗೆ ಹಾಕುವಂತಿಲ್ಲ. ಲೇಪ ಕರಗೀತೆಂದು ನಾನು ಮಾತನ್ನೂ ಬಿಟ್ಟೆ. ಮಗ ಬೆಳಿಗ್ಗೆ ಹೊರಡುವಾಗ, ಮನೆ ಇಷ್ಟು ತಣ್ಣಗಿದ್ದು ಎಷ್ಟು ವರ್ಷವಾಯಿತು ಎಂದು ಹೆಂಡತಿಗೆ ಹೇಳಿದ. ಅರ್ಧ ಗಂಟೆ ಮುಗಿಯಲಿ, ಫೋನಿದೆ.

ಮೆಟ್ಟಿಲ ಬಳಿ ಸಿಕ್ಕವರೆಲ್ಲ ಹಲ್ಲು ಕಡಲೆಯ ಗಾದೆ ಹೇಳುತ್ತಿದ್ದಾರೆ. ಹೇಳಿದ ನಾಲ್ವರಿಗೂ ಹಲ್ಲು ಪೂರ್ತಿ ಇವೆ.

ಫೆಬ್ರವರಿ ೧೧, ಮಂಗಳವಾರ

ಎಡಗಡೆ ಸ್ವಲ್ಪ ಕಡಿಮೆ ಅನ್ನಿಸಿತು. ಅನ್ನಿಸುವುದೇನು, ಕಡಿಮೆಯೇ. ಬಲಗಡೆ ಹಾಗೇ ಇದೆ. ಕೆಂಪೇ ಔಷಧಿ. ನನಗೆ ಮೊದಲೇ ಗೊತ್ತಿತ್ತು.

ಫೆಬ್ರವರಿ ೧೭, ಸೋಮವಾರ

ಇವತ್ತು ಮತ್ತೆ ಆಸ್ಪತ್ರೆ. ಗಾಳಿ, ಗೆರೆ, ಗೀಟು. ಗಾಳಿ ಡಾಕ್ಟರ್ ನನ್ನ ಗೀಟನ್ನು ಸ್ಕೇಲಿಟ್ಟು ಅಳೆದಳು. ಹತ್ತಕ್ಕೆ ಎಡಗಡೆ ಮೂರು, ಬಲಗಡೆ ಎಂಟು. ಕೆಂಪು ಮುಚ್ಚಳದ್ದೇ ಔಷಧಿ ಎಂದೆ. ನನಗೆ ಗೊತ್ತಿಲ್ಲ ಅಜ್ಜಿ ಎಂದಳು. ನನಗೆ ಗೊತ್ತಿದೆ, ಬೇಕಾದರೆ ಬರೆದುಕೋ ಎಂದೆ. ಬರೆದುಕೊಳ್ಳಲಿಲ್ಲ.

ಎರಡು ಟ್ಯೂಬನ್ನೂ ಪುಟ್ಟ ತಕ್ಕಡಿಯ ಮೇಲಿಟ್ಟು ತೂಗಿದಳು, ನಾನು ದಿನಾ ಹಚ್ಚಿದ್ದೇನೋ ಇಲ್ಲವೋ ನೋಡಲಿಕ್ಕೆ. ಚಿನ್ನದಂಗಡಿಯವನೂ ನನ್ನನ್ನು ಇಷ್ಟು ಅನುಮಾನದಿಂದ ನೋಡಿಲ್ಲ.

ಫೆಬ್ರವರಿ ೧೯, ಬುಧವಾರ

ನಿನ್ನೆ ಬಲಗಡೆಯ ದವಡೆಹಲ್ಲು ಬಹಳ ಕಾಡಿತು. ಎಡಗಡೆ ರಾಣಿಯ ಹಾಗೆ ಸುಮ್ಮನೆ ಕೂತಿತ್ತು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂದರೆ ಇದೇ. ನಾನು ಎರಡು ಮಕ್ಕಳನ್ನು ಸಾಕಿದವಳು. ಒಂದು ವರ್ಷ ಹಾಲಿಗೆ ತತ್ವಾರವಾಗಿ ಒಂದು ಲೋಟ ಗಟ್ಟಿ, ಒಂದು ಲೋಟ ನೀರುಹಾಲು ಸಿಗುತ್ತಿತ್ತು. ಯಾರಿಗೆ ಯಾವುದು ಎಂದು ಒಂದು ದಿನವೂ ಯೋಚಿಸಲಿಲ್ಲ. ಎರಡನ್ನೂ ಒಂದೇ ಪಾತ್ರೆಗೆ ಸುರಿದು, ಕಲಸಿ, ಸಮನಾಗಿ ಕೊಟ್ಟೆ. ಎರಡೂ ಬದುಕಿ ಬಾಳಿದವು.

ಕೆಂಪನ್ನೇ ಎರಡೂ ಕಡೆ ಹಚ್ಚಿದರೆ ತಕ್ಕಡಿ ಹೇಳಿಬಿಡುತ್ತದೆ. ಅದಕ್ಕೆ ಡಬ್ಬಿಯ ಮುಚ್ಚಳವೊಂದನ್ನು ತೊಳೆದು ಒರೆಸಿ, ಕೆಂಪಿನಿಂದ ಒಂದು ಕಾಳಿನಷ್ಟು, ಹಸಿರಿನಿಂದ ಒಂದು ಕಾಳಿನಷ್ಟು ಹಿಂಡಿ, ಬೆರಳಿನಲ್ಲಿ ಕಲಸಿ, ಅರ್ಧ ಎಡಕ್ಕೆ ಅರ್ಧ ಬಲಕ್ಕೆ ಹಚ್ಚಿದೆ. ತೂಕಕ್ಕೆ ತೂಕವೂ ಸರಿ, ನ್ಯಾಯಕ್ಕೆ ನ್ಯಾಯವೂ ಸರಿ.

ಕಾರ್ಡು ಕೇಳುವುದು ಎರಡೂ ಲೇಪ ಹಚ್ಚಿದಿರಾ ಎಂದು. ಎರಡೂ ಹಚ್ಚಿದ್ದೇನೆ. ಹೌದು ಎಂಬ ಚೌಕದಲ್ಲಿ ಗುರುತು ಹಾಕಿದೆ. ಸುಳ್ಳು ಎಲ್ಲಿದೆ ಇದರಲ್ಲಿ?

ಫೆಬ್ರವರಿ ೨೫, ಮಂಗಳವಾರ

ಬಲಗಡೆಯೂ ತಣ್ಣಗಾಯಿತು. ಫ್ರಿಜ್ಜಿನ ನೀರನ್ನು ಅರ್ಧ ಲೋಟ ಎರಡೂ ಕಡೆ ಹರಿಸಿ ಕುಡಿದೆ. ಡಾಕ್ಟರುಗಳು ಲಕೋಟೆ ಅಂಟಿಸಿಕೊಂಡು ಕೂತಿರಲಿ, ನನ್ನ ಬೆರಳು ಆರು ದಿನದಲ್ಲಿ ಕೆಲಸ ಮುಗಿಸಿತು. ಸೊಸೆಗೆ ಹೇಳಬೇಕೆಂದು ಬಾಯಿಗೆ ಬಂದಿತ್ತು. ಹೇಳಲಿಲ್ಲ. ಅವಳಿಗೇನು ತಿಳಿಯುತ್ತದೆ, ಕನ್ನಡಕ ಮಾರುವವಳು.

ಮಾರ್ಚ್ ೩, ಸೋಮವಾರ

ಹೆಮ್ಮೆಯಿಂದಲೇ ಹೋದೆ. ಎಡಗಡೆ ಮೂರು, ಬಲಗಡೆ ಮೂರು. ಗಾಳಿ ಡಾಕ್ಟರ್ ಸ್ಕೇಲನ್ನು ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಕಾಗದವನ್ನೇ ನೋಡುತ್ತಾ ನಿಂತಳು.

ಒಳ್ಳೆಯದೇ ಆಯಿತಲ್ಲ, ಮುಖ ಯಾಕೆ ಹಾಗೆ ಎಂದು ಕೇಳಿದೆ. ನಿಮಗೆ ಒಳ್ಳೆಯದೇ ಎಂದಳು. ನಿನಗೆ ಏನು ಎಂದೆ. ಹೇಳಬಾರದು ಎನ್ನುವ ಹಾಗೆ ಬಾಗಿಲ ಕಡೆ ನೋಡಿ, ಆಮೇಲೆ ಹೇಳಿದಳು.

"ಎರಡೂ ಕಡೆ ಒಂದೇ ಸಮ ಇಳಿದ್ರೆ, ಔಷಧಿಯಿಂದ ಏನೂ ಆಗ್ಲಿಲ್ಲ, ತಾನಾಗೇ ಇಳೀತು ಅಂತ ಅರ್ಥ ಬರ್ಬಹುದು ಅಜ್ಜಿ. ಬಾಯಿ ಏನು ಹೇಳುತ್ತೋ ಅದನ್ನೇ ನಾನು ಬರ್ಕೋಬೇಕು."

ಹೊರಗೆ ಬಂದರೆ ಆಸ್ಪತ್ರೆಯ ಮೊಗಸಾಲೆಯುದ್ದಕ್ಕೂ ಬೆಂಚು. ನನ್ನ ವಯಸ್ಸಿನವರು ಕೆನ್ನೆಗೆ ಕೈ ಕೊಟ್ಟು ಕೂತಿದ್ದರು. ಒಬ್ಬಾಕೆ ಬಾಟಲಿಯ ನೀರನ್ನು ಕೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಂಡು ಕುಡಿಯುತ್ತಿದ್ದಳು.

ನನ್ನ ಬಾಯಿ ಖಾರ, ನಿಷ್ಠುರ, ಒಪ್ಪುತ್ತೇನೆ. ಸುಳ್ಳು ಸಾಕ್ಷಿ ಹೇಳಿದ ಬಾಯಿ ಎಂದು ಇದುವರೆಗೆ ಯಾರೂ ಹೇಳಿಲ್ಲ.

ಮಾರ್ಚ್ ೪, ಮಂಗಳವಾರ

ಕಲಸಿಯೇ ಹಚ್ಚಿದೆ. ಯಾಕೆಂದು ಕೇಳಬೇಡಿ.

ಮಾರ್ಚ್ ೮, ಶನಿವಾರ

ಸೊಸೆಗೆ ಇವತ್ತು ಅರ್ಧ ದಿನ ರಜೆ. ಬಟ್ಟೆ ಮಡಚುತ್ತಾ ಕೂತಿದ್ದಳು. ನಾನೂ ಒಂದು ತುದಿ ಹಿಡಿದೆ. ನೀನು ಅಂಗಡಿಯಲ್ಲಿ ದಿನವಿಡೀ ಮಾಡುವುದೇನು ಎಂದು ಕೇಳಿದೆ. ಮದುವೆಯಾಗಿ ಬಂದು ಹನ್ನೊಂದು ವರ್ಷಕ್ಕೆ ಕೇಳುತ್ತಿದ್ದೀರಿ ಎಂದು ಮಾತಿನಲ್ಲಿ ಹೇಳಲಿಲ್ಲ, ಹುಬ್ಬಿನಲ್ಲಿ ಹೇಳಿದಳು.

ಅವಳು ಮಾರುವುದಷ್ಟೇ ಅಲ್ಲವಂತೆ. ಕಣ್ಣು ಅಳೆಯುವ ಕೆಲಸವೂ ಅವಳದೇ. ಒಂದು ಗಾಜು ಹಾಕಿ ಇದು ಚೆನ್ನಾಗಿ ಕಾಣುತ್ತದೋ, ಇನ್ನೊಂದು ಹಾಕಿ ಇದೋ ಎಂದು ಕೇಳುತ್ತಾ ಹೋಗಬೇಕು. ಕಂಡದ್ದನ್ನು ಹೇಳಲು ಯಾವ ಕಷ್ಟ ಎಂದೆ. ಅವಳು ಕೈಯಲ್ಲಿದ್ದ ಟವೆಲು ಬಿಟ್ಟಳು.

"ಕಷ್ಟ ಅದೇ ಅತ್ತೆ. ಜನ ಕಣ್ಣಿಂದ ನೋಡಲ್ಲ, ನನ್ನ ಮುಖ ನೋಡ್ತಾರೆ. ನಾನು ಇದೇ ಒಳ್ಳೇದು ಅಂದ್ಕೊಂಡಿದ್ರೆ ಅವ್ರಿಗೂ ಅದೇ ಚೆನ್ನಾಗಿ ಕಾಣುತ್ತೆ. ಅದಕ್ಕೆ ಒಂದೊಂದ್ಸಲ ಗಾಜು ತೆಗೆದು ಅದೇ ಗಾಜನ್ನೇ ಮತ್ತೆ ಹಾಕಿ ಕೇಳ್ತೀನಿ."

"ಅದೇ ಗಾಜಿಗೆ ಏನಂತಾರೆ?"

"ಇದು ಎಷ್ಟೋ ವಾಸಿ ಅಂತಾರೆ."

ನಾನು ನಕ್ಕೆ. ನಕ್ಕದ್ದು ಅರ್ಧಕ್ಕೇ ನಿಂತಿತು. ಸುಳ್ಳು ಹೇಳುತ್ತಾರಾ ಅವರು ಎಂದು ಕೇಳಿದೆ. ಇಲ್ಲ, ಅವರಿಗೆ ನಿಜವಾಗಿಯೂ ಹಾಗೆ ಕಾಣುತ್ತದೆ ಎಂದಳು. ಅದಕ್ಕೇ ಹಾಕಿ ಕೇಳುವವರಿಗೂ ಯಾವ ಗಾಜೆಂದು ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು, ನಿಮ್ಮ ಹಲ್ಲಿನ ಆಸ್ಪತ್ರೆಯವರು ಮಾಡುವುದು ಅದೇ ತಾನೆ ಎಂದಳು.

ಆಸ್ಪತ್ರೆಯ ಮೊದಲ ದಿನ ಇವಳು ನನ್ನ ಪಕ್ಕದಲ್ಲೇ ಕೂತಿದ್ದಳು. ನಾಲ್ಕು ಪುಟವನ್ನೂ ಕೇಳಿಸಿಕೊಂಡಿದ್ದಾಳೆ.

ಮಾರ್ಚ್ ೯, ಭಾನುವಾರ

ಕೆಂಪು ಎಡಕ್ಕೆ. ಹಸಿರು ಬಲಕ್ಕೆ. ನಡುವೆ ಕೈ ತೊಳೆದೆ.

ಮಾರ್ಚ್ ೧೩, ಗುರುವಾರ

ಕಲಸುವುದು ಬಿಟ್ಟು ಐದು ದಿನ. ಬಲಗಡೆ ಮತ್ತೆ ಕೂಗುತ್ತದೆ ಎಂದು ಕಾದು ಕೂತೆ. ಕೂಗಲಿಲ್ಲ. ನಿನ್ನೆ ಎಡಗಡೆ ಒಮ್ಮೆ ಜುಮ್ ಎಂದಿತು. ಕೆಂಪು ಹಚ್ಚಿದ ಎಡಗಡೆ. ಇದೇನಿದು?

ಸೊಸೆಯನ್ನು ಕರೆದು, ಎರಡು ಲೋಟ ತುಂಬಿಸು, ಒಂದರಲ್ಲಿ ಫ್ರಿಜ್ಜಿನ ನೀರು, ಇನ್ನೊಂದರಲ್ಲಿ ಉಗುರುಬೆಚ್ಚಗಿನದು, ಯಾವುದೆಂದು ಹೇಳದೆ ಚಮಚದಲ್ಲಿ ಹಾಕು ಎಂದೆ. ಲೋಟ ಮುಟ್ಟಿ ಕಂಡುಹಿಡಿಯುತ್ತೀರಿ ಎಂದು ನನ್ನ ಕೈ ಹಿಂದಕ್ಕೆ ಕಟ್ಟಿಸಿದಳು. ಕಣ್ಣಿಗೆ ಟವೆಲು. ಯಾರಾದರೂ ಬಾಗಿಲು ತೆರೆದಿದ್ದರೆ ಸೊಸೆ ಅತ್ತೆಯನ್ನು ಕಟ್ಟಿಹಾಕಿ ಬಾಯಿಗೆ ಏನೋ ಹಾಕುತ್ತಿದ್ದಾಳೆ ಎಂದು ಪೊಲೀಸರನ್ನು ಕರೆಯುತ್ತಿದ್ದರು.

ಹತ್ತು ಚಮಚ ಹಾಕಿದಳು, ಐದು ಎಡಕ್ಕೆ, ಐದು ಬಲಕ್ಕೆ. ನಾನು ಆರು ಸಲ ಜುಮ್ ಎಂದೆ. ಅದರಲ್ಲಿ ಎರಡು ಸಲ ಹಾಕಿದ್ದು ಬೆಚ್ಚಗಿನ ನೀರಂತೆ. ಇನ್ನೊಂದು ಸಲ ಚಮಚ ಬಲಗಡೆಗೆ ಬರುವ ಮೊದಲೇ ಮುಖ ಹಿಂಡಿದೆನಂತೆ. ನೀರು ಇನ್ನೂ ಚಮಚದಲ್ಲೇ ಇತ್ತು.

ಮೋಸ ಮಾಡಿದೆ ಎಂದು ಅವಳನ್ನು ಬೈದೆ. ಆಮೇಲೆ ಇನ್ನೊಂದು ಸಲ ಮಾಡು ಎಂದೆ. ಎರಡನೇ ಸಲವೂ ಹೆಚ್ಚುಕಡಿಮೆ ಹಾಗೇ.

ನೋವು ಇಲ್ಲ ಎಂದಲ್ಲ. ಇದೆ. ಎಲ್ಲಿಂದ ಬರುತ್ತದೆಂದು ಮಾತ್ರ ನಾನು ತಿಳಿದುಕೊಂಡಷ್ಟು ಸಲೀಸಲ್ಲ. ನಾಳೆ ಬೆಳಿಗ್ಗೆಯೊಮ್ಮೆ, ಸಂಜೆಯೊಮ್ಮೆ ಮಾಡಿ ನೋಡಬೇಕು. ಹೊತ್ತಿನಿಂದ ಏನಾದರೂ ವ್ಯತ್ಯಾಸ ಇದೆಯೋ ಏನೋ.

ಮಾರ್ಚ್ ೧೬, ಭಾನುವಾರ

ನಾಳೆ ಆಸ್ಪತ್ರೆ.

ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಟ್ಯೂಬಿನ ತೂಕ ಸರಿಯಿದೆ, ಕಾರ್ಡಿನ ಗುರುತು ಸರಿಯಿದೆ. ಹೇಳಿದರೆ ನಲವತ್ತರಲ್ಲಿ ಒಂದು ಬಾಯಿ ಹೋಗುತ್ತದೆ. ಆ ಹುಡುಗಿಯ ಎರಡು ವರ್ಷದ ಕೆಲಸ ಇದು. ಬೇಸಿಗೆ ಮುಗಿಯುವುದರೊಳಗೆ ಎಲ್ಲವನ್ನೂ ಪುಸ್ತಕ ಮಾಡಿ ಒಪ್ಪಿಸಬೇಕು, ಇಲ್ಲದಿದ್ದರೆ ಅವಳ ಪರೀಕ್ಷೆ ಮುಂದಕ್ಕೆ. ಹೊಸ ಬಾಯಿ ಹುಡುಕಿ ಎಂಟು ವಾರ ನಡೆಸುವಷ್ಟು ಸಮಯ ಇಲ್ಲ. ಇದನ್ನೆಲ್ಲ ಅವಳೇ ಒಮ್ಮೆ ನನ್ನ ಹಲ್ಲು ಕೆರೆಯುತ್ತಾ ಹೇಳಿದ್ದಳು. ಬಾಯಿ ತೆರೆದು ಕೂತವರಿಗೆ ಡಾಕ್ಟರುಗಳು ಎಲ್ಲವನ್ನೂ ಹೇಳಿಕೊಳ್ಳುತ್ತಾರೆ, ತಿರುಗಿ ಮಾತಾಡಲಾರರಲ್ಲ.

ಹೇಳದಿದ್ದರೆ ಅವಳಿಗೆ ನಲವತ್ತು ಬಾಯಿ ಉಳಿಯುತ್ತವೆ. ಒಂದು ಬಾಯಿ ಸುಳ್ಳಿನದು.

ಸೊಸೆಗೆ ಹೇಳಿದೆ. ಡಬ್ಬಿಯ ಮುಚ್ಚಳದಲ್ಲಿ ಕಲಸಿದ್ದರಿಂದ ಹಿಡಿದು ಎಲ್ಲ. ಅವಳು ನಗಲೂ ಇಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ನಾಳೆ ನಾನೂ ಬರುತ್ತೇನೆ, ಅಂಗಡಿಗೆ ಒಂದು ಗಂಟೆ ತಡವಾಗಿ ಹೋಗುತ್ತೇನೆ ಎಂದಳು.

ಮಾರ್ಚ್ ೧೭, ಸೋಮವಾರ

ಕುರ್ಚಿ ಹಿಂದಕ್ಕೆ ಮಲಗುವ ಮೊದಲೇ ಹೇಳಿಬಿಟ್ಟೆ. ಮಲಗಿದ ಮೇಲೆ ಧೈರ್ಯ ಬರುವುದಿಲ್ಲ.

ಗಾಳಿ ಡಾಕ್ಟರ್ ಗ್ಲೌಸು ಹಾಕಿಕೊಂಡಾಗಿತ್ತು. ಎರಡೂ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿಕೊಂಡು ಸ್ಟೂಲಿನ ಮೇಲೆ ಕೂತಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನಾನೂ ನಾಲ್ಕು ಮಾತು ಹಿಂದಿರುಗಿಸಿ ಹಗುರಾಗುತ್ತಿದ್ದೆ.

"ಯಾವ ದಿನದಿಂದ ಅಜ್ಜಿ?"

"ಫೆಬ್ರವರಿ ಹತ್ತೊಂಬತ್ತು."

"ಎಲ್ಲಿವರೆಗೆ?"

"ಮಾರ್ಚ್ ಎಂಟು. ಒಂಬತ್ತರಿಂದ ನೀನು ಹೇಳಿದ ಹಾಗೇ."

"ಖಂಡಿತವಾಗಿ?"

"ಬರೆದಿಟ್ಟಿದ್ದೀನಿ."

ಅವಳ ಕಣ್ಣು ತುಂಬಿತು. ಗ್ಲೌಸಿನ ಕೈಯಲ್ಲಿ ಒರೆಸಿಕೊಳ್ಳುವಂತಿಲ್ಲ, ಒರೆಸಿದರೆ ಹೊಸ ಗ್ಲೌಸು ಬೇಕು. ಕೈ ಹಾಗೇ ಎತ್ತಿಕೊಂಡು ಕೂತಿದ್ದಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ನಾನು ಎದ್ದು ಕರವಸ್ತ್ರದಲ್ಲಿ ಒರೆಸಿದೆ. ಮೂಗನ್ನೂ ಒರೆಸಿದೆ. ಸೊಸೆ ಗೋಡೆ ಕಡೆ ತಿರುಗಿ ನಿಂತಳು.

ದೊಡ್ಡ ಡಾಕ್ಟರನ್ನು ಕರೆಸಿದರು. ಕೂದಲು ನರೆತ, ಮಾತು ಕಡಿಮೆಯ ಮನುಷ್ಯ. ಎಲ್ಲ ಕೇಳಿಸಿಕೊಂಡರು. ನನ್ನ ಬಾಯನ್ನು ಪಟ್ಟಿಯಿಂದ ಕಿತ್ತುಹಾಕಿ, ಈ ಹುಡುಗಿಯನ್ನು ಏನೂ ಅನ್ನಬೇಡಿ ಎಂದೆ. ಅವರು ಆಗದೆಂದು ತಲೆಯಾಡಿಸಿದರು.

"ತಪ್ಪು ಮಾಡಿದ ಬಾಯನ್ನೆಲ್ಲ ತೆಗೀತಾ ಹೋದ್ರೆ, ನಮಗೆ ಬೇಕಾದ ಬಾಯಿಗಳನ್ನೇ ಆರಿಸ್ಕೊಂಡ ಹಾಗಾಗುತ್ತಮ್ಮ. ನೀವು ಇರ್ತೀರಿ. ಒಂದು ಲೆಕ್ಕ ನಿಮ್ಮನ್ನ ಸೇರಿಸಿ ಮಾಡ್ತೀವಿ, ಇನ್ನೊಂದು ನಿಮ್ಮನ್ನ ಬಿಟ್ಟು. ಎರಡನ್ನೂ ಅಚ್ಚು ಹಾಕ್ತೀವಿ, ನೀವು ಮಾಡಿದ್ದೂ ಸೇರಿ."

ಆಮೇಲೆ ಗಾಳಿ ಡಾಕ್ಟರಿಗೆ, ಉಳಿದ ಮೂವತ್ತೊಂಬತ್ತು ಜನಕ್ಕೂ ಫೋನು ಮಾಡಿ ಹೇಗೆ ಹಚ್ಚುತ್ತಿದ್ದಾರೆಂದು ವಿಚಾರಿಸು, ಗದರಿಸದೆ ವಿಚಾರಿಸು ಎಂದರು. ಪಾಪ, ಅವಳ ಪುಸ್ತಕಕ್ಕೆ ಹತ್ತು ಪುಟ ಹೆಚ್ಚಾಯಿತು. ನನ್ನಿಂದ.

ಬಸ್ಸಿನಲ್ಲಿ ಸೊಸೆ ಕಿಟಕಿಯ ಸೀಟು ನನಗೆ ಬಿಟ್ಟಳು. ಅಂಗಡಿ ಬಂದಾಗ ನಾನೂ ಅವಳ ಜೊತೆಗೆ ಇಳಿದೆ. ಒಂದು ಗಂಟೆ ಮೂಲೆಯ ಸ್ಟೂಲಿನಲ್ಲಿ ಕೂತು ನೋಡಿದೆ. ಒಬ್ಬ ಮೀಸೆಯವನಿಗೆ ಅದೇ ಗಾಜನ್ನು ಎರಡು ಸಲ ಹಾಕಿದಳು. ಎರಡನೆಯದು ವಾಸಿ ಎಂದ. ನಾನು ಕೆಮ್ಮಿದೆ.

ಮಾರ್ಚ್ ೩೧, ಸೋಮವಾರ

ಕೊನೆಯ ಸಲ. ಮೂವತ್ತೊಂಬತ್ತು ಜನಕ್ಕೂ ಫೋನು ಆಯಿತಂತೆ. ಹನ್ನೊಂದನೇ ಬಾಯಿ, ಒಬ್ಬ ದರ್ಜಿ, ನೋವಿದ್ದ ದಿನ ಮಾತ್ರ ಹಚ್ಚುತ್ತಿದ್ದನಂತೆ. ಇಪ್ಪತ್ತಾರನೇ ಬಾಯಿ, ಮೇಷ್ಟರು, ಮುಚ್ಚಳ ಕಳೆದುಹೋಗಿ ಯಾವ ಟ್ಯೂಬು ಯಾವ ಕಡೆಗೆ ಎಂದು ಮರೆತು, ನಾಚಿಕೆಯಿಂದ ಹೇಳದೆ ಇದ್ದರಂತೆ. ಗಾಳಿ ಡಾಕ್ಟರ್ ಸೊರಗಿದ್ದಾಳೆ, ಆದರೆ ಹೇಳುವಾಗ ಕಣ್ಣು ಹೊಳೆಯುತ್ತಿತ್ತು.

ಗಾಳಿ ಬಿಟ್ಟಳು. ಪೆನ್ಸಿಲು ಹಿಡಿದು ಗೆರೆಯ ಮುಂದೆ ಕೂತೆ. ಹಾಕಲು ಹೊರಟು ನಿಲ್ಲಿಸಿದೆ.

"ಇನ್ನೊಂದ್ಸಲ ಬಿಡಮ್ಮ. ಸರಿಯಾಗಿ ನೋಡಿ ಹೇಳ್ತೀನಿ."

ಒಂದು ಹಲ್ಲಿಗೆ ಒಂದೇ ಸಲ ಬಿಡುವುದು ನಿಯಮ, ಎರಡನೆಯ ಸಲ ಬಿಡುವಂತಿಲ್ಲ ಎಂದಳು. ಸರಿ ಎಂದೆ. ಕಣ್ಣು ಮುಚ್ಚಿ ಆಗ ಏನಾಯಿತೆಂದು ನೆನೆದುಕೊಂಡೆ, ಏನಾಗಬೇಕಿತ್ತೆಂದು ಅಲ್ಲ. ಎಡಗಡೆ ನಾಲ್ಕಕ್ಕೂ ಮೂರಕ್ಕೂ ನಡುವೆ. ಬಲಗಡೆ ನಾಲ್ಕರ ಹತ್ತಿರ. ಗೀಟು ಹಾಕುವಷ್ಟರಲ್ಲಿ ಬೆವರಿದೆ.

ಯಾವ ಮುಚ್ಚಳ ಎಂದು ಕೇಳಲಿಲ್ಲ. ಪಾಪ, ಅವಳಿಗೆ ನಿಜವಾಗಿಯೂ ಗೊತ್ತಿಲ್ಲ.

ಏಪ್ರಿಲ್ ೬, ಭಾನುವಾರ

ಲಕೋಟೆ ಇಟ್ಟುಕೊಂಡವರಿಗೆ ಒಂದು ಕಾಗದ ಬರೆದೆ. ಕಾಗುಣಿತ ತಿದ್ದಿಕೊಡಲು ಸೊಸೆಗೆ ಓದಲು ಕೊಟ್ಟೆ. ನಾಳೆ ಅವಳೇ ಅಂಚೆಗೆ ಹಾಕುತ್ತಾಳೆ. ನನ್ನ ಹತ್ತಿರವೂ ಒಂದು ಇರಲಿ ಎಂದು ಇಲ್ಲಿ ಇಳಿಸಿಕೊಂಡಿದ್ದೇನೆ.

ಪಟ್ಟಿ ಕಾಯುತ್ತಿರುವ ಮಹಾಶಯರೇ,

ನಾನು ನಲವತ್ತನೇ ಬಾಯಿ. ಹದಿನೆಂಟು ದಿನ ನಿಮ್ಮ ಎರಡು ಲೇಪಗಳನ್ನು ಕಲಸಿ ಹಚ್ಚಿದವಳು ನಾನೇ. ಆ ದಿನಗಳನ್ನು ಒಳ್ಳೆಯ ದಿನಗಳ ಜೊತೆ ಸೇರಿಸಬೇಡಿ, ಬಚ್ಚಿಡಲೂ ಬೇಡಿ. ನಡೆದದ್ದು ನಡೆದ ಹಾಗೇ ಇರಲಿ. ಹುಡುಗಿಯ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಅವಳು ನಾಲ್ಕು ಪುಟ ಓದಿ ಹೇಳಿದ್ದಳು, ನಾನೇ ಕೇಳಿಸಿಕೊಳ್ಳಲಿಲ್ಲ.

ಇನ್ನು ನನ್ನ ಪ್ರಶ್ನೆ. ಕೆಂಪೇ ಔಷಧಿ ಎಂದು ಮೊದಲು ನಾನು ಆಣೆ ಮಾಡಿ ಹೇಳುತ್ತಿದ್ದೆ. ಈಗ ಹೇಳಲಾರೆ. ಕಲಸುವ ಮೊದಲು ಎಡಗಡೆ ಇಳಿದದ್ದು ಔಷಧಿಯಿಂದಲೋ, ನನ್ನ ಮನಸ್ಸಿನಿಂದಲೋ? ಕಲಸುವುದನ್ನು ಬಿಟ್ಟ ಮೇಲೂ ಬಲಗಡೆ ಏರಲಿಲ್ಲ, ಅದು ಯಾಕೆ? ಬೆಚ್ಚಗಿನ ನೀರಿಗೂ ಹಲ್ಲು ಜುಮ್ ಎನ್ನುವುದುಂಟೆ? ಎಲ್ಲರ ಬಾಯಿಗೂ ಹೀಗೆಯೋ, ನನ್ನದೊಂದಕ್ಕೆ ಮಾತ್ರವೋ? ನಲವತ್ತೂ ಬಾಯಿ ಸೇರಿ ಏನು ಹೇಳಿದವು?

ನನ್ನ ಸಮಾಧಾನಕ್ಕೆಂದು ಏನನ್ನೂ ಬರೆಯಬೇಡಿ. ಕೆಂಪಾದರೆ ಕೆಂಪು, ಹಸಿರಾದರೆ ಹಸಿರು, ಎರಡರಲ್ಲೂ ಅಂಥ ವ್ಯತ್ಯಾಸ ಇಲ್ಲದಿದ್ದರೆ ಅದನ್ನೂ ಬರೆಯಿರಿ. ನಿಮಗೇ ತಿಳಿಯದಿದ್ದರೆ ತಿಳಿಯಲಿಲ್ಲ ಎಂದೇ ಬರೆಯಿರಿ, ನನಗೆ ಬೇಸರವಿಲ್ಲ. ಬರೆಯದೆ ಮಾತ್ರ ಇರಬೇಡಿ. ಮೇ ತಿಂಗಳು ಹುಟ್ಟುವುದರೊಳಗೆ ಉತ್ತರ ನನ್ನ ಕೈಸೇರಬೇಕು.